ದೆಹಲಿಯ ಹೊಗೆ, ನಮ್ಮ ಹೊಲದ ಬೆಂಕಿಕಡ್ಡಿ

ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ, ಡಿಸೆಂಬರ್-ಜನವರಿಯ ಒಂದು ಸಂಜೆ ಅಜ್ಜಂಪುರದಿಂದ ಶಿವನಿ ಕಡೆಗೋ ತರೀಕೆರೆ ಕಡೆಗೋ ಬೈಕಲ್ಲಿ ಹೊರಡಿ. ಹೊತ್ತು ಮುಳುಗುವಾಗ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಬೆಂಕಿ ಕಾಣುತ್ತೆ. ರಸ್ತೆ ಬದಿ ಸುರಿದ ಅಡಿಕೆ ಸಿಪ್ಪೆಯ ಗುಡ್ಡೆ ಒಳಗೊಳಗೇ ಬೇಯುತ್ತಾ ಹೊಗೆ ಉಗುಳುತ್ತಿರುತ್ತೆ. ಆ ಹೊಗೆ ಮೇಲಕ್ಕೆ ಹೋಗೋದಿಲ್ಲ. ಸ್ವಲ್ಪ ಏರಿ, ಚಾಪೆ ಹಾಸಿದ ಹಾಗೆ ಹೊಲದ ಮೇಲೆ, ರಸ್ತೆ ಮೇಲೆ, ಊರಿನ ಮೇಲೆ ಮಲಗಿಬಿಡುತ್ತೆ. ಹೆಡ್‌ಲೈಟ್ ಹಾಕಿದರೂ ಎದುರಿನ ಟ್ರ್ಯಾಕ್ಟರ್ ಕಾಣಲ್ಲ. ಕಣ್ಣು ಉರಿ, ಗಂಟಲು ಕೆರೆತ.

ಅದೇ ದಿನಗಳಲ್ಲಿ ಮೊಬೈಲ್ ತೆಗೆದರೆ ದೆಹಲಿಯ ವಿಡಿಯೋಗಳು. ಮಾಸ್ಕ್ ಹಾಕಿದ ಮಕ್ಕಳು, ಮಬ್ಬಿನಲ್ಲಿ ಮುಳುಗಿದ ಇಂಡಿಯಾ ಗೇಟ್, ಕೆಳಗಡೆ ಒಂದೇ ಸಾಲಿನ ಕಾಮೆಂಟ್: "ಎಲ್ಲಾ ರೈತರಿಂದಲೇ ಆಗಿದ್ದು." ಈ ಮಾತು ಎಷ್ಟು ನಿಜ? ಅಷ್ಟು ದೊಡ್ಡ ನಗರದ ಗಾಳಿ ಆ ಮಟ್ಟಕ್ಕೆ ಕೆಡೋದಾದರೂ ಹೇಗೆ? ಅದರಿಂದ ಅಜ್ಜಂಪುರದ ಎರೆ ಹೊಲದಲ್ಲಿ ನಿಂತ ನಾವು ಕಲಿಯೋದೇನಿದೆ? ಈ ವಾರ ಅದನ್ನೇ ಬಿಡಿಸಿ ನೋಡೋಣ.

ದೆಹಲಿಯಲ್ಲಿ ಆಗೋದೇನು?

ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋಕೆ ನಮ್ಮ ದೇಶದಲ್ಲಿ ಎಕ್ಯೂಐ ಅನ್ನೋ ಅಂಕಿ ಬಳಸ್ತಾರೆ. 50ರ ಒಳಗಿದ್ದರೆ ಒಳ್ಳೆಯ ಗಾಳಿ, 100ರವರೆಗೆ ಪರವಾಗಿಲ್ಲ, 200 ದಾಟಿದರೆ ಕಳಪೆ, 300 ದಾಟಿದರೆ ಅತಿ ಕಳಪೆ, 400 ದಾಟಿದರೆ ತೀವ್ರ ಅಪಾಯ. ಮಾಪನ ಮುಗಿಯೋದೇ 500ಕ್ಕೆ. 2024ರ ನವೆಂಬರ್ 18ರಂದು ದೆಹಲಿಯ ಅಂಕಿ 490ರ ಮೇಲಿತ್ತು. ಶಾಲೆ-ಕಾಲೇಜು ಆನ್‌ಲೈನ್ ಆದವು, ಅಗತ್ಯ ವಸ್ತು ತರುವ ಲಾರಿಗಳನ್ನು ಬಿಟ್ಟು ಉಳಿದವಕ್ಕೆ ನಗರದ ಬಾಗಿಲು ಮುಚ್ಚಿತು, ಕಟ್ಟಡ ಕೆಲಸ ನಿಂತಿತು. ಆ ಕಟ್ಟಡ ಕೆಲಸದವರಲ್ಲಿ ಹೆಚ್ಚಿನವರು ಹಳ್ಳಿ ಬಿಟ್ಟು ಬಂದ ಕೂಲಿಗಳೇ. ಗಾಳಿ ಕೆಟ್ಟರೆ ಮೊದಲು ಕೂಲಿ ತಪ್ಪೋದು ಅವರಿಗೇ.

ಇದಕ್ಕೆ ಕಾರಣ ಒಂದಲ್ಲ. ವರ್ಷವಿಡೀ ಓಡುವ ಲಕ್ಷಾಂತರ ವಾಹನಗಳ ಹೊಗೆ, ಕಟ್ಟಡ ಮತ್ತು ರಸ್ತೆಯ ಧೂಳು, ಸುತ್ತಲಿನ ಕಾರ್ಖಾನೆ, ಇಟ್ಟಿಗೆ ಗೂಡು, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ, ಬೀದಿಯಲ್ಲಿ ಸುಡುವ ಕಸ, ಚಳಿ ಕಾಯಿಸೋಕೆ ಹಚ್ಚುವ ಬೆಂಕಿ. ಇವೆಲ್ಲ ದಿನಾ ಇರುವಂಥವು. ಇದರ ಮೇಲೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ ಪಂಜಾಬ್, ಹರಿಯಾಣದ ಭತ್ತದ ಗದ್ದೆಗಳ ಹೊಗೆ ಇನ್ನೂರು-ಮುನ್ನೂರು ಕಿಲೋಮೀಟರ್ ದೂರದಿಂದ ಬಂದು ಸೇರುತ್ತೆ. ಕೆಲವು ದಿನ ದೆಹಲಿಯ ಸೂಕ್ಷ್ಮ ಧೂಳಿನಲ್ಲಿ ಮೂರನೇ ಒಂದು ಪಾಲು ಇದರದ್ದೇ ಆಗಿರುತ್ತೆ. ಆದರೆ ಇಡೀ ವರ್ಷದ ಲೆಕ್ಕ ಹಾಕಿದರೆ ಗದ್ದೆ ಹೊಗೆಯ ಪಾಲು ಬಹಳ ಸಣ್ಣದು. ಡಿಸೆಂಬರ್, ಜನವರಿಯಲ್ಲಿ ಗದ್ದೆ ಬೆಂಕಿ ನಿಂತ ಮೇಲೂ ದೆಹಲಿಯ ಗಾಳಿ ಕೆಟ್ಟೇ ಇರುತ್ತೆ.

ಹಾಗಾಗಿ "ಎಲ್ಲಾ ರೈತರಿಂದಲೇ" ಅನ್ನೋದು ಸುಳ್ಳು. "ರೈತರಿಂದ ಏನೂ ಇಲ್ಲ" ಅನ್ನೋದೂ ಸುಳ್ಳೇ.

ಗಾಳಿಗೆ ಮುಚ್ಚಳ ಬೀಳೋದು ಹೇಗೆ?

ಬೇಸಿಗೆಯಲ್ಲಿ ನೆಲ ಕಾದು, ಬಿಸಿ ಗಾಳಿ ಮೇಲೇರಿ ಹೊಗೆಯನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತೆ. ಚಳಿಗಾಲದ ಸಂಜೆ ಇದು ತಿರುಗುಮುರುಗು. ನೆಲ ಬೇಗ ತಣ್ಣಗಾಗುತ್ತೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತೆ. ತಣ್ಣನೆ ಗಾಳಿ ಭಾರ, ಮೇಲೇರೋಕಾಗಲ್ಲ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಒಳಗೆ ಎಷ್ಟು ಹೊಗೆ ಬಿಟ್ಟರೂ ಅಲ್ಲೇ.

ದೆಹಲಿಗೆ ಹತ್ತಿರದಲ್ಲಿ ಸಮುದ್ರದ ಗಾಳಿ ಇಲ್ಲ, ಉತ್ತರಕ್ಕೆ ಹಿಮಾಲಯ ಗೋಡೆಯ ಹಾಗೆ ನಿಂತಿದೆ, ಚಳಿಗಾಲದಲ್ಲಿ ಗಾಳಿಯ ವೇಗವೂ ಕಡಿಮೆ. ಹಾಗಾಗಿ ಅಲ್ಲಿ ಮುಚ್ಚಳ ವಾರಗಟ್ಟಲೆ ತೆರೆಯೋದಿಲ್ಲ. 1952ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲೂ ಹೀಗೇ ಆಗಿತ್ತು. ಮನೆಮನೆಯ ಕಲ್ಲಿದ್ದಲು ಹೊಗೆ ಐದು ದಿನ ನಗರದ ಮೇಲೆ ನಿಂತು, ಸುಮಾರು 4,000 ಜನ ಸತ್ತರು ಅಂತ ಆಗಿನ ಲೆಕ್ಕ. ಆಮೇಲಿನ ಲೆಕ್ಕಗಳು ಅದಕ್ಕೂ ಹೆಚ್ಚು ಹೇಳ್ತವೆ. ಬ್ರಿಟನ್ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ತಂದಿದ್ದು ಇದಾದ ಮೇಲೆಯೇ. ಅಲ್ಲೂ ಒಬ್ಬರ ಮನೆಯ ಒಲೆಯಿಂದ ನಗರ ಕೆಟ್ಟಿರಲಿಲ್ಲ. ಪ್ರತಿಯೊಬ್ಬರೂ "ನಮ್ಮದೊಂದು ಒಲೆ ತಾನೇ" ಅಂದುಕೊಂಡಿದ್ದರು, ಅಷ್ಟೇ.

ನೀವು ಸಂಜೆ ಬೈಕಲ್ಲಿ ಹೋಗುವಾಗ ಕಂಡ ಆ ಹೊಗೆಯ ಚಾಪೆ ಇದೆಯಲ್ಲ, ಅದೂ ಇದೇ ಮುಚ್ಚಳದ ಕೆಲಸ. ನಮ್ಮದು ಬಯಲು, ಬೆಳಗ್ಗೆ ಹತ್ತರ ಹೊತ್ತಿಗೆ ಬಿಸಿಲು ಏರಿ ಮುಚ್ಚಳ ತೆರೆಯುತ್ತೆ. ಆದರೆ ಅಷ್ಟರೊಳಗೆ ಇಡೀ ರಾತ್ರಿ ಊರು ಅದೇ ಗಾಳಿ ಉಸಿರಾಡಿರುತ್ತೆ.

ಪಂಜಾಬಿನ ರೈತ ಕಡ್ಡಿ ಗೀರಿದ್ದು ಯಾಕೆ?

ಇದನ್ನು ನಾವು ಗಮನವಿಟ್ಟು ಓದಬೇಕು. ಯಾಕಂದ್ರೆ ಇದರಲ್ಲಿ ನಮ್ಮ ನಾಳೆಯ ಕಥೆ ಇದೆ.

ಪಂಜಾಬಿನಲ್ಲಿ ಭತ್ತಕ್ಕೆ ನೀರೆತ್ತಿ ಎತ್ತಿ ಅಂತರ್ಜಲ ಪಾತಾಳಕ್ಕೆ ಹೋಯ್ತು. ಅದನ್ನು ಉಳಿಸೋಕೆ 2009ರಲ್ಲಿ ಕಾನೂನು ತಂದು, ಜೂನ್‌ಗೆ ಮೊದಲು ನಾಟಿ ಮಾಡಬಾರದು ಅಂದರು. ಉದ್ದೇಶ ಒಳ್ಳೆಯದೇ. ಆದರೆ ನಾಟಿ ಹಿಂದಕ್ಕೆ ಹೋದಾಗ ಕೊಯ್ಲೂ ಹಿಂದಕ್ಕೆ ಹೋಯ್ತು. ಭತ್ತ ಕೊಯ್ದು ಗೋಧಿ ಬಿತ್ತೋಕೆ ಉಳಿದಿದ್ದು ಎರಡು-ಮೂರು ವಾರ ಮಾತ್ರ. ಕೂಲಿ ಸಿಗಲ್ಲ, ಕಂಬೈನ್ ಯಂತ್ರ ತೆನೆ ಮಾತ್ರ ಕೊಯ್ದು ಕೂಳೆ ನಿಲ್ಲಿಸಿಬಿಡುತ್ತೆ, ಭತ್ತದ ಹುಲ್ಲನ್ನು ಅಲ್ಲಿನ ದನ ಅಷ್ಟಾಗಿ ತಿನ್ನಲ್ಲ. "ಒಂದ್ ಕಡ್ಡಿ ಗೀರಿದ್ರೆ ಮುಗೀತು" ಅನ್ನೋ ದಾರಿ ಹುಟ್ಟಿದ್ದು ಹೀಗೆ.

ಸರ್ಕಾರ 2018ರಿಂದ ಕೂಳೆ ನಿರ್ವಹಿಸುವ ಯಂತ್ರಗಳಿಗೆ ಸಬ್ಸಿಡಿ ಕೊಡ್ತಾ ಬಂದಿದೆ. ಜೊತೆಗೆ ದಂಡವೂ ಇದೆ. 2024ರ ನವೆಂಬರ್‌ನಲ್ಲಿ ದೆಹಲಿ ಸುತ್ತಲ ರಾಜ್ಯಗಳಲ್ಲಿ ಅದನ್ನು ದುಪ್ಪಟ್ಟು ಮಾಡಿದರು. 2 ಎಕರೆಗಿಂತ ಕಡಿಮೆ ಇದ್ದವನಿಗೆ 5,000 ರೂಪಾಯಿ, 2ರಿಂದ 5 ಎಕರೆಗೆ 10,000, ಅದಕ್ಕಿಂತ ಹೆಚ್ಚಿದ್ದರೆ 30,000. ಊರು ತಾನಾಗಿ ತಿದ್ದಿಕೊಳ್ಳದಿದ್ದಾಗ ಕಾನೂನು ಹೊಲದ ಬದುವಿಗೇ ಬರುತ್ತೆ.

ಈಗ ನಮ್ಮ ಕಡೆ ನೋಡಿ. ಎತ್ತು ಕಟ್ಟಿದ ಮನೆಗಳಲ್ಲಿ ಜೋಳದ ಸೊಪ್ಪೆ, ರಾಗಿ ಹುಲ್ಲು ಬಣವೆ ಸೇರ್ತಿದ್ದ ಕಾಲ ಇತ್ತು. ಅಮೃತಮಹಲ್ ತಳಿಯ ಕೇಂದ್ರ ಇರುವ ಊರು ನಮ್ಮದು. ಆದರೂ ಈಗ ಎಷ್ಟು ಮನೆಯಲ್ಲಿ ಜೋಡಿ ಎತ್ತು ಇವೆ? ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ದಂಟು ತಿನ್ನುವ ಬಾಯಿ ಕಡಿಮೆ ಆಯ್ತು. ಮೆಕ್ಕೆಜೋಳ ಬಂತು, ಕೂಲಿ ದುಬಾರಿ ಆಯ್ತು. ತರೀಕೆರೆ ಕಡೆ ಭದ್ರಾ ನೀರಿನ ಗದ್ದೆಗಳಲ್ಲಿ ಕಟಾವು ಯಂತ್ರ ಓಡಾಡುತ್ತೆ. ಭದ್ರಾ ಮೇಲ್ದಂಡೆ ನೀರಿನ ಮೇಲೆ ಎಲ್ಲರಿಗೂ ಆಸೆ ಇದೆ. ನೀರು ಬಂದ ಕಡೆ ಎರಡನೇ ಬೆಳೆ ಬರುತ್ತೆ, ಎರಡನೇ ಬೆಳೆ ಬಂದ ಕಡೆ ಹೊಲ ಖಾಲಿ ಮಾಡುವ ಅವಸರ ಬರುತ್ತೆ. ಪಂಜಾಬ್ ನಡೆದ ದಾರಿಯ ಮೊದಲ ಮೈಲಿಗಲ್ಲಿನ ಹತ್ತಿರ ನಾವಿದ್ದೀವಿ. ತಿರುಗೋದು ಈಗಲೇ ಸುಲಭ.

ನಮ್ಮ ನಗರಗಳ ಪಾಡು

ಬೆಂಗಳೂರು ದೆಹಲಿಯಷ್ಟು ಕೆಟ್ಟಿಲ್ಲ. ಎತ್ತರದ ಊರು, ಗಾಳಿ ಆಡುತ್ತೆ. ಆದರೆ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಜೊತೆಗೆ ಮುಗಿಯದ ಕಾಮಗಾರಿಯ ಧೂಳು, ಬೀದಿಯಲ್ಲಿ ಸುಡುವ ಕಸ ಮತ್ತು ಒಣ ಎಲೆ. ಬೆಳ್ಳಂದೂರು ಕೆರೆಯೇ ಹೊತ್ತಿ ಉರಿದಿದ್ದನ್ನು 2015, 2017, 2018ರಲ್ಲಿ ದೇಶ ನೋಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಗಿಂತ ಅಲ್ಲಿನ ಗಾಳಿಯ ಸೂಕ್ಷ್ಮ ಧೂಳು ಹಲವು ಪಟ್ಟು ಹೆಚ್ಚು. ನಮ್ಮ ಕಡೆಯ ಹುಡುಗರು ಡೆಲಿವರಿ ಬೈಕು, ಕ್ಯಾಬ್ ಓಡಿಸುತ್ತಾ ದಿನಕ್ಕೆ ಹತ್ತು-ಹನ್ನೆರಡು ಗಂಟೆ ಕುಡಿಯೋದು ಇದೇ ಗಾಳಿಯನ್ನು.

ಇನ್ನೂ ಹತ್ತಿರ ಬರೋಣ. 2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಸುಧಾರಿಸಲೇಬೇಕಾದ ಕರ್ನಾಟಕದ ನಗರಗಳು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ನಾವು ಈರುಳ್ಳಿ, ಮೆಕ್ಕೆಜೋಳ ಮಾರೋಕೆ ಹೋಗುವ ಅದೇ ದಾವಣಗೆರೆ.

ದೇಹಕ್ಕೆ, ಬೆಳೆಗೆ ಏನಾಗುತ್ತೆ?

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣ ಅಪಾಯ. ಪಿಎಂ 2.5 ಅಂತ ಕರೆಯೋದು ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣಗಳನ್ನು. ಮೂಗಿನ ಕೂದಲು, ಗಂಟಲ ಕಫ ಇವನ್ನು ತಡೆಯಲ್ಲ. ಟವೆಲ್ ಕಟ್ಟಿಕೊಂಡರೂ ತಡೆಯಲ್ಲ. ನೇರ ಶ್ವಾಸಕೋಶದ ತಳಕ್ಕೆ, ಅಲ್ಲಿಂದ ರಕ್ತಕ್ಕೆ. ಉಬ್ಬಸ, ಕೆಮ್ಮು ಮಾತ್ರ ಅಲ್ಲ, ಹೃದಯಾಘಾತ, ಪಾರ್ಶ್ವವಾಯುವಿಗೂ ಇದು ಕಾರಣ. ಗರ್ಭಿಣಿಯರು ಕುಡಿದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚು. 2019ರ ಒಂದೇ ವರ್ಷ ಭಾರತದಲ್ಲಿ ವಾಯುಮಾಲಿನ್ಯಕ್ಕೆ ಸಂಬಂಧಿಸಿದ ಸಾವು ಸುಮಾರು 16.7 ಲಕ್ಷ ಅಂತ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿದೆ. ಈ ಲೆಕ್ಕದಲ್ಲಿ ನಗರದ ಗಾಳಿಯ ಜೊತೆ ಹಳ್ಳಿಮನೆಯ ಒಲೆ ಹೊಗೆಯೂ ಸೇರಿದೆ.

ಅಂದ್ರೆ ನಮ್ಮ ಹೊಲದ ಹೊಗೆ ಬೆಂಗಳೂರಿಗೆ ಮುಟ್ಟುತ್ತಾ ಇಲ್ಲವಾ ಅಂತ ವಾದ ಮಾಡುವ ಅಗತ್ಯವೇ ಇಲ್ಲ. ಬೆಂಕಿ ಹಚ್ಚಿದವನ ಮೂಗಿಗೇ ಅದು ಮೊದಲು ಮುಟ್ಟುತ್ತೆ. ಆಮೇಲೆ ಮನೆಯಲ್ಲಿ ಮೊದಲೇ ದಮ್ಮು ಇರುವ ಅಜ್ಜನಿಗೆ, ತೊಟ್ಟಿಲಲ್ಲಿರುವ ಮಗುವಿಗೆ, ಕೊಟ್ಟಿಗೆಯ ದನಕ್ಕೆ.

ಬೆಳೆಗೂ ಬಿಡಲ್ಲ. ಎಲೆ ಮೇಲೆ ಧೂಳು, ಮಸಿ ಕೂತರೆ ಬಿಸಿಲು ಸಾಲದೆ ಆಹಾರ ತಯಾರಿ ಕಡಿಮೆ. ಹೊಗೆಯ ಅನಿಲಗಳು ಬಿಸಿಲಿಗೆ ಸೇರಿ ಹುಟ್ಟುವ ಓಝೋನ್ ಅನಿಲದಿಂದ ಗೋಧಿ, ಸೋಯಾಬೀನ್ ಥರದ ಬೆಳೆಗಳ ಇಳುವರಿ ಇಳಿಯುತ್ತೆ.

ಸುಟ್ಟಿದ್ದು ದಂಟು ಮಾತ್ರ ಅಲ್ಲ

ಎಕರೆಗೆ 20 ಕ್ವಿಂಟಾಲ್ ಮೆಕ್ಕೆಜೋಳ ಬಂದರೆ, ಹೆಚ್ಚುಕಮ್ಮಿ ಅಷ್ಟೇ ತೂಕದ ಒಣ ದಂಟೂ ಬಂದಿರುತ್ತೆ, ಅಂದ್ರೆ 2 ಟನ್. ಅದರಲ್ಲಿ ಸುಮಾರು ಶೇ. 40 ಇಂಗಾಲ, 800 ಕೆ.ಜಿ. ಕಡ್ಡಿ ಗೀರಿದರೆ ಅದು ಹೊಗೆಯಾಗಿ ಹೋಯ್ತು. ಸಾರಜನಕವೂ ಬಹುಪಾಲು ಹೋಯ್ತು. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತೆ ನಿಜ, ಆದರೆ ಬೂದಿ ಗಾಳಿಗೆ ಹಾರಿ, ಮೊದಲ ಮಳೆಗೆ ಹರಿದು ಹೋದರೆ ಅದೂ ನಿಮ್ಮದಲ್ಲ.

"ಯೂರಿಯಾ ಮೂಟೆ ಇನ್ನೂರ ಅರವತ್ತಾರು ರೂಪಾಯಿ, ಅಷ್ಟು ನಷ್ಟ ಆದ್ರೆ ಆಗ್ಲಿ ಬಿಡಿ" ಅನ್ನಬಹುದು. ಆದರೆ ಮೂಟೆಯಲ್ಲಿ ಸಿಗದೇ ಇರೋದು ಸಾವಯವ ಇಂಗಾಲ. ನಿಮ್ಮ ಮಣ್ಣು ಆರೋಗ್ಯ ಕಾರ್ಡ್ ತೆಗೆದು ಆ ಸಾಲು ನೋಡಿ. 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಅಂತ ಅರ್ಥ. ಎರೆ ಹೊಲ ನೀರು ಹಿಡಿಯೋದು, ಮಳೆ ಕೈಕೊಟ್ಟಾಗ ಬೆಳೆ ಇನ್ನೊಂದು ವಾರ ತಡೆಯೋದು ಅದರಿಂದಲೂ ಹೌದು.

2023ರ ಬರ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ. ಹಿಂದಿನ ವರ್ಷ ದಂಟು ಸುಟ್ಟವರೇ ಆ ಬೇಸಿಗೆಯಲ್ಲಿ ಮೇವಿಗೆ ಲಾರಿ ಕಾಯಬೇಕಾಯ್ತು.

"ಸುಟ್ಟರೆ ಹುಳ ಸಾಯುತ್ತೆ" ಅನ್ನೋದು ಇನ್ನೊಂದು ವಾದ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳುವನ್ನೇ ತಗೊಳ್ಳಿ. ಅದು ಕೋಶವಾಗೋದು ಮಣ್ಣಿನ ಒಳಗೆ, ಕೆಲವು ಸೆಂಟಿಮೀಟರ್ ಆಳದಲ್ಲಿ. ಮೇಲೆ ಸರ್ರನೆ ಹರಿದುಹೋಗುವ ಬೆಂಕಿಯ ಬಿಸಿ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ. ಮಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬರ್ತವೆ, ಉಳಿದಿದ್ದನ್ನು ಬೆಳ್ಳಕ್ಕಿ, ಮೈನಾ, ಬಿಸಿಲು ನೋಡಿಕೊಳ್ತವೆ.

ಹಾಗಾದ್ರೆ ಏನು ಮಾಡೋದು?

1. ಮೇವು ಮಾಡಿ. ಒಣ ದಂಟನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಸಣ್ಣಗೆ ಮಾಡಿ. 100 ಕೆ.ಜಿ. ಮೇವಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಗಾಳಿ ಆಡದಂತೆ 21 ದಿನ ಮುಚ್ಚಿಡಿ. ತಿನ್ನಿಸುವ ಮುಂಚೆ ಹರಡಿ ಘಾಟು ಹೋಗಲು ಬಿಡಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರನ್ನು ದನದ ಬಾಯಿಗೆ ಸಿಗುವಂತೆ ಇಡಲೇಬೇಡಿ, ಅದು ವಿಷ. ಮೊದಲ ಸಲ ಮಾಡುವವರು ಪಶುವೈದ್ಯರನ್ನು ಕೇಳಿಯೇ ಮಾಡಿ.

2. ಅಲ್ಲೇ ಪುಡಿ ಮಾಡಿ ಉಳಿ. ಶ್ರೆಡರ್ ಅಥವಾ ರೋಟವೇಟರ್ ಹಾಕಿಸಿ, ಹೊಲದಲ್ಲಿ ಇನ್ನೂ ಹಸಿ ಇರುವಾಗಲೇ ಮಣ್ಣಿಗೆ ಸೇರಿಸಿ. ಒಂದು ಎಚ್ಚರ: ದಂಟು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಳ್ತವೆ. ತಕ್ಷಣ ಬಿತ್ತಿದರೆ ಬೆಳೆ ಹಳದಿಗೆ ತಿರುಗುತ್ತೆ. ಮೂರು-ನಾಲ್ಕು ವಾರ ಬಿಡಿ. ಬಿಡೋಕಾಗದಿದ್ದರೆ ಎಷ್ಟು ಸಾರಜನಕ ಹೆಚ್ಚಿಗೆ ಕೊಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಯಂತ್ರ ಸ್ವಂತಕ್ಕೆ ಬೇಕಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ವಿಚಾರಿಸಿ. ನಾಲ್ಕೈದು ಜನ ಸೇರಿ ಒಂದೇ ದಿನಕ್ಕೆ ಕರೆಸಿದರೆ ಓಡಾಟದ ಖರ್ಚು ಹಂಚಿಹೋಗುತ್ತೆ.

3. ತೋಟಕ್ಕೆ ಹೊದಿಕೆ ಹಾಕಿ. ನಿಮ್ಮ ಹೊಲದ ಕಸ ಪಕ್ಕದ ಅಡಿಕೆ ತೋಟದವನಿಗೆ ಬಂಗಾರ. ದಂಟನ್ನು ಸಾಲಿನ ನಡುವೆ ಹಾಸಿದರೆ ಕಳೆ ಕಡಿಮೆ, ತೇವ ಉಳಿಯುತ್ತೆ. ಕಡೂರು ಕಡೆ ತೆಂಗಿನ ತೋಟಕ್ಕೂ ಇದೇ ಮಾತು. ಬುಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ, ಗೆದ್ದಲು ಗಮನಿಸಿ.

4. ಅಡಿಕೆ ಸಿಪ್ಪೆ ರಸ್ತೆಗೆ ಬೇಡ. ಸುಲಿದ ಸಿಪ್ಪೆಯನ್ನು ತೋಟಕ್ಕೇ ತೆಳುವಾಗಿ ಹರಡಿ. ಇಲ್ಲವೇ ಗುಂಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಹಸಿ ಸೊಪ್ಪು, ಮೇಲೆ ಸಗಣಿ ಬಗ್ಗಡ ಹಾಕಿ. ನಾರು ಹೆಚ್ಚಿರೋದರಿಂದ ಬೇಗ ಕೊಳೆಯಲ್ಲ, ತಿಂಗಳುಗಟ್ಟಲೆ ಬೇಕು. ತೇವ ಆರಬಾರದು, ಆಗಾಗ ತಿರುವಬೇಕು. 200 ಲೀಟರ್ ನೀರಿಗೆ 2 ಕೆ.ಜಿ. ಬೆಲ್ಲ ಹಾಕಿ ಐದಾರು ದಿನ ಬೆಳೆಸಿದ ವೇಸ್ಟ್ ಡಿಕಂಪೋಸರ್ ಚಿಮುಕಿಸಿದರೆ ಅನುಕೂಲ. ಆದರೆ ಒಣ ಗುಡ್ಡೆಗೆ ಒಂದು ಸಲ ಸಿಂಪಡಿಸಿ ಪವಾಡ ಕಾಯಬೇಡಿ.

5. ಪ್ಲಾಸ್ಟಿಕ್ ಸುಡಲೇಬೇಡಿ. ಹಳೇ ಡ್ರಿಪ್ ಪೈಪು, ಮಲ್ಚಿಂಗ್ ಶೀಟು, ಔಷಧಿ ಬಾಟಲಿ ದಂಟಿನ ಜೊತೆ ಬೆಂಕಿಗೆ ಹಾಕೋದು ಎಲ್ಲಕ್ಕಿಂತ ಕೆಟ್ಟದ್ದು. ಪಿವಿಸಿ ಸುಟ್ಟರೆ ಡಯಾಕ್ಸಿನ್ ಅನ್ನೋ ಘೋರ ವಿಷ ಹುಟ್ಟುತ್ತೆ. ಪೈಪನ್ನು ಗುಜರಿಗೆ ಕೊಡಿ, ಕಾಸೂ ಬರುತ್ತೆ.

ಬೇಸಿಗೆಯ ಬೆಂಕಿಯ ಬಗ್ಗೆ ಇನ್ನೊಂದು ಮಾತು. ಬದುವಿಗೆ ಹಚ್ಚಿದ ಬೆಂಕಿ ಕಾವಲಿಗೆ ಹಬ್ಬಿದರೆ ಹಿಡಿಯೋಕಾಗಲ್ಲ. ಹುಲ್ಲು ಹೋದರೆ ದನಕ್ಕೆ ಮೇವಿಲ್ಲ, ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಕೃಷ್ಣಮೃಗಗಳಿಗೂ ಇಲ್ಲ.

ಫೋನಲ್ಲಿ ನೋಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಯ ಮಾಪನ ಕೇಂದ್ರಗಳ ಅಂಕಿ ಅದರಲ್ಲಿ ಬರುತ್ತೆ. ನಾಸಾದ 'ಫರ್ಮ್ಸ್' ಅನ್ನೋ ನಕ್ಷೆ ತೆರೆದರೆ ಉಪಗ್ರಹಕ್ಕೆ ಕಂಡ ಬೆಂಕಿಗಳು ಕೆಂಪು ಚುಕ್ಕೆಗಳಾಗಿ ಕಾಣ್ತವೆ. ಅಕ್ಟೋಬರ್-ನವೆಂಬರ್‌ನಲ್ಲಿ ಪಂಜಾಬ್ ನೋಡಿ, ಜನವರಿಯಲ್ಲಿ ನಮ್ಮ ತಾಲ್ಲೂಕು ನೋಡಿ. ಯಂತ್ರ, ಗೊಬ್ಬರದ ಬಗ್ಗೆ ಸಂದೇಹ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆದರೆ ನಿಮ್ಮ ಊರಿನ ಸಂಜೆಯ ಗಾಳಿ ಹೇಗಿದೆ ಅಂತ ಯಾವ ಆ್ಯಪೂ ಹೇಳಲ್ಲ, ಅದನ್ನು ನೀವೇ ನೋಡಬೇಕು. ಈ ಸಲ ಒಕ್ಕಣೆ ಮುಗಿದ ಮೇಲೆ ಇಡೀ ಹೊಲ ಬೇಡ, ಒಂದು ಎಕರೆ ಸುಡದೆ ಬಿಡಿ. ದಂಟನ್ನು ಮಣ್ಣಿಗೆ ಸೇರಿಸಿ. ಮುಂದಿನ ಮುಂಗಾರಿನಲ್ಲಿ ಮಳೆ ಹೋಗಿ ಹತ್ತು ದಿನ ಆದಾಗ, ಸುಟ್ಟ ಎಕರೆಯ ಮಣ್ಣನ್ನೂ ಸುಡದ ಎಕರೆಯ ಮಣ್ಣನ್ನೂ ಒಂದೊಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ನೋಡಿ. ಯಾವುದರಲ್ಲಿ ತೇವ ಇದೆ ಅನ್ನೋದನ್ನು ನಿಮ್ಮ ಕೈಯೇ ಹೇಳುತ್ತೆ. ಒಂದೇ ವರ್ಷಕ್ಕೆ ವ್ಯತ್ಯಾಸ ಸಣ್ಣದಿರಬಹುದು. ಮೂರು ವರ್ಷ ಬಿಡದೆ ಮಾಡಿ, ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ ಹಳೇ ಕಾರ್ಡಿನ ಪಕ್ಕ ಇಟ್ಟು ನೋಡಿ.